ಬೇಡವೆಂದ ಹತ್ತು

ಸವದತ್ತಿಯ ಡ್ರೈವರ್ ದಸ್ತಗೀರರ ಕೊನೆಯ ಗುಂಡಿನ ಗುರಿಕಾಗದದಲ್ಲಿ ಒಂದರ ಬದಲು ಎರಡು ತೂತುಗಳಿದ್ದವು: ನಟ್ಟನಡುವೆ ಹತ್ತು ಅಂಕದ್ದೊಂದು, ಎಡಕ್ಕೆ ಏಳು ಅಂಕದ್ದೊಂದು. ಬೈಲಹೊಂಗಲದ ನಮ್ಮ ಪಿಸ್ತೂಲ್ ಕ್ಲಬ್ಬಿನ ತಂಡಕ್ಕೆ ಆಯ್ಕೆ ನಡೆದಿತ್ತು. ಕೊನೆಯ ಗುಂಡನ್ನು ನಾನು ಗಡಿಬಿಡಿಯಲ್ಲಿ ಪಕ್ಕದ ಅವರ ಕಾಗದಕ್ಕೆ ಹೊಡೆದಿದ್ದೆ.

ಯಾವುದು ಯಾರದೆಂದು ತಿಳಿಯದಿದ್ದರೆ ದೊಡ್ಡ ಅಂಕ ಆ ಕಾಗದ ಯಾರದೋ ಅವರಿಗೇ ಎಂಬುದು ನಿಯಮ. ಹತ್ತು ಸಿಕ್ಕರೆ ದಸ್ತಗೀರರು ತಂಡದಲ್ಲಿ, ಏಳಾದರೆ ಹೊರಗೆ.

“ಹತ್ತು ನಿಮ್ದ ಅಂತ ಬರೀಲೇನ್ರಿ?” ಎಂದರು ತೀರ್ಪುಗಾರರು.

“ಬ್ಯಾಡ್ರಿ. ಟ್ರಿಗರ್ ಒತ್ತಿದಾಗನ ಕೈ ಎಡಕ್ಕ ಜಾರಿತ್ತು. ಏಳು ನಂದು,” ಎಂದ ದಸ್ತಗೀರರು ನನ್ನತ್ತ ತಿರುಗಿ ನಕ್ಕರು: “ಹತ್ತು ಹೊಡದ್ರಿ ಖರೆ ಅಕ್ಕಾರ, ಬ್ಯಾರೆಯವ್ರ ಮನಿಗೆ ಹೊಡದ್ರಲ್ಲ!”

ಅವರು ತಂಡಕ್ಕೆ ಬರಲಿಲ್ಲ. ಆ ಗುಂಡು ಹೊಡೆದಾಗ ನನ್ನ ಕೈ ಹೇಗಿತ್ತೆಂಬುದು ನನಗೆ ನೆನಪೇ ಇರಲಿಲ್ಲ. ಈಗ ಪ್ರತಿ ಗುಂಡು ಎಲ್ಲಿ ಬಿತ್ತೆಂದು ಕಾಗದ ನೋಡುವ ಮೊದಲೇ ಗಟ್ಟಿಯಾಗಿ ಹೇಳುತ್ತೇನೆ. ನೋಡಿದ ಮೇಲೆ ನೆನಪು ತನಗೆ ಬೇಕಾದ್ದನ್ನೇ ಹೇಳುತ್ತದೆ.