ಹೊಸ ಪ್ರಿಂಟರಿನೊಳಗೆ ಹಳೇ ಕುಂಕುಮ

೧೯೮೭ರಲ್ಲಿ ನಾನು ಬಳ್ಳಾರಿಯ ಒಂದು ಅಂಗಡಿಯಲ್ಲಿ ಸರ್ವಿಸ್ ಇಂಜಿನಿಯರ್ ಆಗಿದ್ದೆ. ಇಂಜಿನಿಯರ್ ಎಂಬುದು ವಿಸಿಟಿಂಗ್ ಕಾರ್ಡಿನಲ್ಲಿದ್ದ ಮಾತು, ಓದಿದ್ದು ಐಟಿಐ. ಹೆಗಲಿಗೊಂದು ಬ್ಯಾಗು, ಅದರೊಳಗೆ ತಂತಿಗೆ ಬೆಸುಗೆ ಹಾಕುವ ಸೋಲ್ಡರಿಂಗ್ ಐರನ್ನು, ಸ್ಕ್ರೂಡ್ರೈವರು, ಊಟದ ಡಬ್ಬಿ. ಹತ್ತಿಯಿಂದ ಬೀಜ ಬಿಡಿಸುವ ಜಿನ್ನುಗಳಿಗೆ, ಅಕ್ಕಿ ಗಿರಣಿಗಳಿಗೆ, ಕಚೇರಿಗಳಿಗೆ ಪ್ರಿಂಟರು, ಟರ್ಮಿನಲ್ಲು ಮಾರುವುದು, ಕೆಟ್ಟರೆ ರಿಪೇರಿ ಮಾಡುವುದು ನಮ್ಮ ಅಂಗಡಿಯ ಕಸುಬು. ಟರ್ಮಿನಲ್ ಎಂದರೆ ಒಂದು ಪರದೆ, ಒಂದು ಕೀಬೋರ್ಡು, ಅಷ್ಟೇ. ಲೆಕ್ಕ ಮಾಡುವ ಕಂಪ್ಯೂಟರು ಬೇರೆ ಪೆಟ್ಟಿಗೆಯಲ್ಲಿರುತ್ತಿತ್ತು.

ಆಗ ಹೊಸ ಮಷೀನು ಬೇಕೆಂದರೆ ಮದರಾಸಿಗೋ ಬೆಂಗಳೂರಿಗೋ ಆರ್ಡರ್ ಹಾಕಿ ತಿಂಗಳುಗಟ್ಟಲೆ ಕಾಯಬೇಕಿತ್ತು. ಹಾಗಾಗಿ ಹಳೇ ಮಷೀನಿಗೂ ಒಳ್ಳೇ ಗಿರಾಕಿ ಇತ್ತು. ದೊಡ್ಡ ಅಂಗಡಿಯವರು ಹಳೆಯದನ್ನು ನಮಗೆ ಕೊಟ್ಟು ಹೊಸದನ್ನು ಒಯ್ಯುತ್ತಿದ್ದರು. ನಾವು ಹಳೆಯದನ್ನು ಬಿಚ್ಚಿ, ತೊಳೆದು, ಸವೆದ ಭಾಗ ಬದಲಿಸಿ, ಹೊಸದು ಕೊಳ್ಳಲಾಗದವರಿಗೆ ಅಗ್ಗಕ್ಕೆ ಕೊಡುತ್ತಿದ್ದೆವು. ಹಳೆಯದನ್ನು ಹಳೆಯದೆಂದೇ ಹೇಳಿ ಮಾರಿದರೆ ಅದರಲ್ಲಿ ತಪ್ಪೇನೂ ಇಲ್ಲ.

ಅಂಗಡಿಯ ಮಾಲೀಕ ಪಂಪಣ್ಣ. ನಾನು ‘ಅಣ್ಣಾ’ ಎಂದೇ ಕರೆಯುತ್ತಿದ್ದೆ. ಮೊದಮೊದಲು ಸೋಲ್ಡರಿಂಗ್ ಮಾಡುವಾಗ ನನ್ನ ಕೈ ನಡುಗುತ್ತಿತ್ತು. ಆಗ ಹಿಂದೆ ನಿಂತು ನನ್ನ ಮುಂಗೈ ಹಿಡಿದು ಕಲಿಸಿದವನು ಅವನೇ. ನನಗೆ ಟೈಫಾಯಿಡ್ ಆದಾಗ ಅವನ ಹೆಂಡತಿ ಗಂಜಿ ಕಾಸಿ ಕಳಿಸಿದ್ದಳು. ಅಂಥವನ ಮೇಲೆ ಅನುಮಾನ ಪಡುವ ಯೋಚನೆ ಎಲ್ಲಿಂದ ಬರಬೇಕು?

ಸಿರುಗುಪ್ಪದಲ್ಲಿ ನಾಗರತ್ನಮ್ಮ ಎಂಬ ಮೇಡಂ ಟೈಪಿಂಗ್ ಶಾಲೆ ನಡೆಸುತ್ತಿದ್ದರು. ಗಂಡ ತೀರಿಕೊಂಡ ಮೇಲೆ ಅದೊಂದರಿಂದಲೇ ಅವರ ಮನೆ ನಡೆಯುತ್ತಿತ್ತು. ನಾನು ನಮ್ಮೂರು ಕರೂರಿನಿಂದ ಬಸ್ಸು ಹತ್ತಿ ಬಂದು ಅವರ ಬಳಿ ಟೈಪಿಂಗ್ ಕಲಿತವನು. ಬೆರಳು ತಪ್ಪಿದರೆ ಸ್ಕೇಲಿನಿಂದ ಒಂದು ಬಿಡುತ್ತಿದ್ದರು, ಆಮೇಲೆ ಚಹಾ ಕುಡಿಸುತ್ತಿದ್ದರು. ಆ ವರ್ಷ ಅಲ್ಲಿಯ ಕೆಲವು ಅಕ್ಕಿ ಗಿರಣಿಯವರು, ಬಿಲ್ಲು, ಲೆಕ್ಕಪತ್ರಗಳನ್ನು ಕಂಪ್ಯೂಟರಿನಲ್ಲಿ ಅಚ್ಚು ಹಾಕಿಸಿಕೊಡುವುದಾದರೆ ಸುಗ್ಗಿಯ ಕೆಲಸವೆಲ್ಲ ನಿಮಗೇ ಎಂದು ಅವರಿಗೆ ಮಾತು ಕೊಟ್ಟಿದ್ದರು. ಮೇಡಂ ಧೈರ್ಯ ಮಾಡಿದರು. ಶಾಲೆಯ ಆರೂ ಟೈಪ್‌ರೈಟರುಗಳನ್ನು ನಮ್ಮ ಅಂಗಡಿಗೆ ಕೊಟ್ಟು, ಕೂಡಿಟ್ಟದ್ದನ್ನೂ ಸೇರಿಸಿ, ಕಂಪ್ಯೂಟರು, ಟರ್ಮಿನಲ್ಲು, ದೊಡ್ಡ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರು ಕೊಳ್ಳುವುದೆಂದು ಮಾತಾಯಿತು.

ಟೈಪ್‌ರೈಟರುಗಳನ್ನು ಟೆಂಪೋಗೆ ಏರಿಸುವ ಮುಂಚೆ ಅವರು ನನ್ನನ್ನು ಪಕ್ಕಕ್ಕೆ ಕರೆದರು.

“ಹನುಮೇಶಾ, ಇವು ಹೋದ್ರ ನನ್ನ ಕೈಯಾಗ ಏನೂ ಉಳಿಯಂಗಿಲ್ಲ. ನಿಮ್ಮ ಪಂಪಣ್ಣ ಯಾರೋ ನನಗ ಗೊತ್ತಿಲ್ಲ. ನೀ ಹೇಳು, ತೊಗೊಳ್ಲೇನು?”

“ತೊಗೋರಿ ಮೇಡಂ. ಹೊಸಾ ಮಷೀನು. ನಾನ ಬಂದು ಕೂಡಸ್ತೀನಿ, ನಾನ ನೋಡ್ಕೊಂತೀನಿ,” ಎಂದೆ.

ಅವರ ಮಷೀನು ಕಳಿಸುವ ಹೊತ್ತಿಗೆ ಸರಿಯಾಗಿ ಪಂಪಣ್ಣ ನನ್ನನ್ನು ಕುರುಗೋಡಿಗೆ ಅಟ್ಟಿದ. ಅಲ್ಲಿಯ ಕಚೇರಿಯೊಂದರ ಪ್ರಿಂಟರಿಗೆ ರಿಬ್ಬನ್ ಬದಲಿಸಬೇಕಿತ್ತು, ಅಷ್ಟೇ. ಇಷ್ಟಕ್ಕೆ ನಾನೇ ಯಾಕೆ ಹೋಗಬೇಕು ಎಂದು ಅಂದುಕೊಂಡೆನೇ ಹೊರತು ಬಾಯಿ ಬಿಟ್ಟು ಕೇಳಲಿಲ್ಲ. ತಿರುಗಿ ಬಂದಾಗ ರಟ್ಟಿನ ಪೆಟ್ಟಿಗೆಗಳಿಗೆಲ್ಲ ಟೇಪು ಹಚ್ಚಿ ಟೆಂಪೋದಲ್ಲಿ ಇಟ್ಟಾಗಿತ್ತು. “ಫ್ಯಾಕ್ಟರಿ ಪ್ಯಾಕಿಂಗ್ ಐತಿ. ಇಲ್ಲೇನು ಬಿಚ್ಚಾಕ ಹೋಗಬ್ಯಾಡ,” ಎಂದ. ನಾನು ಡ್ರೈವರನ ಪಕ್ಕ ಕೂತೆ. ತೆಕ್ಕಲಕೋಟೆಯಲ್ಲಿ ಇಳಿದು ಮಿರ್ಚಿ ಬಜ್ಜಿ ತಿಂದೆವು. ಮೇಡಂ ಮುಖ ಹೇಗೆ ಅರಳಬಹುದು ಎಂದು ದಾರಿಯುದ್ದಕ್ಕೂ ನೆನೆಸಿಕೊಳ್ಳುತ್ತ ಹೋದೆ.

ಇಲ್ಲಿ ನಮ್ಮ ಕಡೆಯ ಒಂದು ಪದ್ಧತಿ ಹೇಳಬೇಕು. ಮಷೀನು ಬಂದ ದಿನ ಪೂಜೆ, ಆಯುಧಪೂಜೆಗೆ ಮತ್ತೆ ಪೂಜೆ. ನೇಗಿಲಿಗೂ ಲಾರಿಗೂ ಮಾಡಿದ ಹಾಗೆ ಪ್ರಿಂಟರಿಗೂ ವಿಭೂತಿ, ಕುಂಕುಮ, ಅಕ್ಷತೆ. ಕೆಲವರು ಭಕ್ತಿ ಹೆಚ್ಚಾಗಿ ಮುಚ್ಚಳ ತೆಗೆದು ಒಳಗೂ ಉದುರಿಸುತ್ತಿದ್ದರು. ಅಕ್ಷರ ಒತ್ತುವ ಹೆಡ್ಡಿನ ಸೂಜಿಗಳಿಗೆ ಆ ಪುಡಿ ಸಿಕ್ಕರೆ ಮುಗಿಯಿತು. ಆಯುಧಪೂಜೆಯ ಮರುವಾರ ನನಗೆ ಬರುತ್ತಿದ್ದ ಕಂಪ್ಲೇಂಟುಗಳಲ್ಲಿ ಬಹುಪಾಲು ಇವೇ. ‘ಮುಚ್ಚಳದ ಮ್ಯಾಲಷ್ಟೇ ಹಚ್ಚರೀ ನಮ್ಮಪ್ಪಾ’ ಎಂದು ಊರೂರಿಗೆ ಹೇಳಿಕೊಂಡು ತಿರುಗಿದ್ದೆ.

ನಾಗರತ್ನಮ್ಮ ನಾನು ಹೇಳಿದ ಹಾಗೆ ಮುಚ್ಚಳಕ್ಕಷ್ಟೇ ಒಂದು ಬೊಟ್ಟು ಇಟ್ಟು, ಕಾಯಿ ಒಡೆದು, ಕಣ್ಣು ಮುಚ್ಚಿ ಕೈಮುಗಿದರು. ಅಕ್ಕಪಕ್ಕದವರಿಗೆ ಮಂಡಾಳ, ಅಂದರೆ ಮಂಡಕ್ಕಿ, ಸಕ್ಕರೆ ಬೆರೆಸಿ ಹಂಚಿದರು. ಆಮೇಲೆ ನಾನು ರಿಬ್ಬನ್ ಕೂಡಿಸಲು ಮುಚ್ಚಳ ಎತ್ತಿದೆ. ಹೆಡ್ಡು ಓಡಾಡುವ ಕಂಬಿಯ ಅಡಿಯಲ್ಲಿ, ಮೂಲೆಯಲ್ಲಿ, ಎಣ್ಣೆಯ ಜೊತೆ ಕಲೆತು ಕಪ್ಪಾದ ಕುಂಕುಮ ಮೆತ್ತಿಕೊಂಡಿತ್ತು. ಅದರಲ್ಲೊಂದು ಅಕ್ಷತೆಯ ಕಾಳು.

ಕಾಗದ ಬಿಗಿಯುವ ಲಿವರನ್ನು ಎತ್ತಿ ನೋಡಿದೆ. ಅಲ್ಲಿ ಬಾಲ್‌ಪೆನ್ನಿನ ಸ್ಪ್ರಿಂಗು! ಅದನ್ನು ಹಾಕಿದವನು ನಾನೇ. ಬಳ್ಳಾರಿಯ ಒಂದು ಹತ್ತಿ ಜಿನ್ನಿನಲ್ಲಿ ಅಸಲಿ ಸ್ಪ್ರಿಂಗು ಸಿಗದೆ ನನ್ನ ಪೆನ್ನು ಬಿಚ್ಚಿ ಕೂಡಿಸಿದ್ದೆ. ಅಲ್ಲಿಯ ಮುದುಕ ಸಾಹುಕಾರರು ಪ್ರತಿವರ್ಷ ಹಿಡಿಗಟ್ಟಲೆ ಕುಂಕುಮ ಸುರಿಯುತ್ತಿದ್ದರು. ಆ ಮಷೀನನ್ನು ನಮಗೆ ಕೊಟ್ಟು ಹೊಸದು ಒಯ್ದಿದ್ದರು. ಪಂಪಣ್ಣ ಮೇಲಿನ ಕವಚವನ್ನಷ್ಟೇ ಹೊಸದು ಹಾಕಿ ಅದನ್ನೇ ಈಗ ಇಲ್ಲಿಗೆ ಕಳಿಸಿದ್ದ. ಟರ್ಮಿನಲ್ಲನ್ನೂ ನೋಡಿದೆ. ಒಂದೇ ಬರಹ ವರ್ಷಗಟ್ಟಲೆ ನಿಂತರೆ ಪರದೆ ಸುಟ್ಟು ಅದರ ನೆರಳು ಉಳಿದುಬಿಡುತ್ತದೆ. ಕರೆಂಟು ಕೊಡುವ ಮೊದಲೇ ಯಾರದೋ ಲೆಕ್ಕದ ಸಾಲುಗಳು ಮಸುಕಾಗಿ ಕಾಣುತ್ತಿದ್ದವು.

“ಯಾಕೋ, ಏನಾತು?” ಮೇಡಂ ಕೇಳಿದರು.

“ಮೇಡಂ, ಇದಕ್ಕ ಮೊದಲ ಪೂಜಿ ಆಗಿಬಿಟ್ಟೈತ್ರಿ,” ಎಂದೆ. ಬೆರಳಿಗೆ ಹತ್ತಿದ ಕುಂಕುಮ ತೋರಿಸಿದೆ, ಸ್ಪ್ರಿಂಗು ತೋರಿಸಿದೆ, ಎಲ್ಲ ಬಿಡಿಸಿ ಹೇಳಿದೆ. ಅವರು ಕೂಗಾಡಲಿಲ್ಲ. ಕಾಯಿಯ ಹೋಳುಗಳನ್ನು ತಟ್ಟೆಗೆ ಹಾಕಿ ಒಳಗಿಟ್ಟು ಬಂದು, “ನಡಿ, ಬಳ್ಳಾರಿಗೆ ಹೋಗೂಣು,” ಎಂದರು. ಮಷೀನುಗಳನ್ನು ಅದೇ ಟೆಂಪೋಗೆ ಮತ್ತೆ ಏರಿಸಿಕೊಂಡು ಹೊರಟೆವು.

ಪಂಪಣ್ಣ ನಮ್ಮನ್ನು ನೋಡಿದವನೇ ಕುರ್ಚಿ ಎಳೆದು ಹಾಕಿ ಚಹಾಕ್ಕೆ ಹೇಳಿದ. ಮೇಡಂ ಕೂರಲಿಲ್ಲ. ವಿಷಯ ಹೇಳಿದರು. ಅವನು ನನ್ನ ಮುಖವನ್ನೇ ನೋಡುತ್ತ, ಒಂದು ಚೂರೂ ತಡವರಿಸದೆ ಅಂದ:

“ನಾ ಹೊಸಾದ ಕಳಿಸೀನ್ರಿ ಮೇಡಂ. ಜೋಡಿ ಬಂದಾಂವ ಇಂವ. ದಾರ್ಯಾಗ ಏನು ಅದಲು ಬದಲು ಮಾಡ್ಯಾನೋ, ಇವನ್ನ ಕೇಳ್ರಿ.”

ಹೊಡೆದಿದ್ದರೂ ಅಷ್ಟು ನೋಯುತ್ತಿರಲಿಲ್ಲ.

ಉತ್ತರ ಕೊಟ್ಟವರು ಮೇಡಂ. “ಕದ್ದಾಂವ ತಾನ ಬಿಚ್ಚಿ ತೋರಸ್ತಾನೇನ್ರಿ? ನಾ ಏನು ಹುಚ್ಚಿ ಅಂತ ತಿಳ್ಕೊಂಡೀರೇನು? ನನ್ನ ಟೈಪ್‌ರೈಟರೆಲ್ಲಾ ಹಳೇವ. ಇದೂ ಹಳೇದು ಅಂತ ಹೇಳಿದ್ರ ಹಳೇದರ ರೇಟಿಗೆ ನಗ್ತಾ ತೊಗೊಂತಿದ್ದೆ. ಈಗ ಬ್ಯಾಡ. ನನ್ನ ಮಷೀನು ನನಗ ಕೊಡ್ರಿ.”

ಹೊರಗೆ ಜನ ಸೇರತೊಡಗಿದ್ದರು. ಪಂಪಣ್ಣ ಹಣ ತಿರುಗಿಸಲು ಒಪ್ಪಿದ. ಆದರೆ ಟೈಪ್‌ರೈಟರುಗಳಲ್ಲಿ ಮೂರನ್ನು ಆಗಲೇ ಆದೋನಿಯವರಿಗೆ ಮಾರಿಬಿಟ್ಟಿದ್ದ. ಅವಕ್ಕೆಂದು ಅವನು ಕೊಟ್ಟ ದುಡ್ಡಿಗೆ ಅಂಥ ಟೈಪ್‌ರೈಟರು ಮತ್ತೆಲ್ಲಿ ಸಿಗಬೇಕು? ಮೇಡಂ ಉಳಿದ ಮೂರನ್ನೇ ಟೆಂಪೋಗೆ ಏರಿಸಿಕೊಂಡು ಹೋದರು. ಸುಗ್ಗಿಯ ಕೆಲಸ ಬೇರೆಯವರ ಪಾಲಾಯಿತು. ಕಲಿಯುವ ಹುಡುಗಿಯರು ಪಾಳಿ ಕಾಯಲಾರದೆ ಅರ್ಧಕ್ಕರ್ಧ ಬಿಟ್ಟುಹೋದರು. ಮೇಡಂ ನನ್ನನ್ನು ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ಹಗುರಾಗುತ್ತಿತ್ತು.

ಮೇಡಂ ಬಂದುಹೋದ ದಿನವೇ ನಾನು ಅಂಗಡಿಯ ಬೀಗದ ಕೈ ಮೇಜಿನ ಮೇಲಿಟ್ಟೆ. ಹೊರಡುವ ಮುಂಚೆ ಒಂದೇ ಒಂದು ಕೇಳಿದೆ: “ಅಣ್ಣಾ, ಮಾರೋದು ಮಾರಿದಿ. ನನ್ನನ್ಯಾಕ ಕಳಿಸಿದಿ?”

ಅವನು ಚಹಾದ ಕಪ್ಪು ಕೆಳಗಿಟ್ಟು, ದಡ್ಡನಿಗೆ ಪಾಠ ಹೇಳುವವನ ಹಾಗೆ ಅಂದ: “ಲೇ, ಮತ್ತ್ಯಾರ ಮಾತು ನಂಬ್ತಿದ್ಲು ಆಕಿ?”

ಆಮೇಲೆ ನಾನೇ ಒಂದು ಸಣ್ಣ ಅಂಗಡಿ ಹಾಕಿದೆ. ಹಳೇ ಪ್ರಿಂಟರುಗಳನ್ನೇ ಮಾರಿದೆ. ಗಿರಾಕಿಯ ಎದುರಿಗೇ ಮಷೀನು ಬಿಚ್ಚಿ, ಎಲ್ಲಿ ಸವೆದಿದೆ, ಎಲ್ಲಿ ನಾನು ತೇಪೆ ಹಾಕಿದ್ದೇನೆ ಎಂದು ತೋರಿಸದೆ ಒಂದನ್ನೂ ಕೊಟ್ಟಿಲ್ಲ. ಪ್ಯಾಕ್ ಮಾಡುವಾಗ ನಾನು ಕಣ್ಣಾರೆ ನೋಡದ ಸರಕಿಗೆ ನನ್ನ ಮಾತು ಸೇರಿಸಿ ಕಳಿಸಿಲ್ಲ. ಈ ಕಸುಬು ಕಲಿಸಿದ ಪಾಠ ಇದು. ಆದರೆ ಈ ವಯಸ್ಸಿನಲ್ಲೂ ಸೋಲ್ಡರಿಂಗ್ ಐರನ್ನು ಹಿಡಿದಾಗಲೆಲ್ಲ ನನ್ನ ಕೈ ಅವನು ಕಲಿಸಿದ ಹಾಗೆಯೇ ನಡೆಯುತ್ತದೆ. ಅವನನ್ನು ಎಷ್ಟು ಬೈದುಕೊಂಡರೂ ಇದೊಂದನ್ನು ಬಿಡಿಸಿಕೊಳ್ಳಲು ಆಗಿಲ್ಲ.