ವೈನಿಯ ಎರಡನೇ ಬ್ಯಾಟರಿ

ಸ್ಟೇರಿಂಗ್ ಹಿಡಿಯುವ ಮೊದಲು ವೈನಿ ಎರಡೂ ಕೈಯ ಹಸಿರು ಬಳೆಗಳನ್ನು ಮೊಣಕೈಯತ್ತ ಏರಿಸಿ, ಅವು ಜಾರದಂತೆ ಕೆಳಗೊಂದೊಂದು ಕರವಸ್ತ್ರ ಬಿಗಿಯುತ್ತಿದ್ದರು. ಗಂಟು ಹಾಕಲು ಹಲ್ಲಿನ ಸಹಾಯವೂ ಬೇಕಾಗುತ್ತಿತ್ತು. ತಲೆಯ ಮೇಲಿನ ಸೆರಗು ಮಾತ್ರ ಯಾವ ಕುಲುಕಾಟಕ್ಕೂ ಜಾರಿದ್ದನ್ನು ನಾನು ಕಾಣೆ. ಆ ಸೆರಗಿನ ತುದಿಯಲ್ಲಿ ಜೀರಿಗೆಯಷ್ಟು ಸಣ್ಣ ತೂತುಗಳಿದ್ದವು, ಬ್ಯಾಟರಿಯ ಆಸಿಡ್ ಸಿಡಿದು ಆದವು. ಇಲಿ ಕಡಿದವೇನು ಎಂದು ಓಣಿಯವರು ಕೇಳಿದರೆ, "ಹೌದ್ರಿ, ಗಾಡ್ಯಾಗ ಎರಡ ಇಲಿ ಸಾಕೇನಿ" ಎನ್ನುತ್ತಿದ್ದರು.

ಜೇವರ್ಗಿಯಲ್ಲಿ ನಮ್ಮ ಎದುರು ಮನೆ ಅವರದು. ರಕ್ತಸಂಬಂಧವೇನಿಲ್ಲ. ಮದುವೆಯಾಗಿ ಆ ಓಣಿಗೆ ಬಂದಂದಿನಿಂದ ನಾನು ಅವರನ್ನು ಅತ್ತಿಗೆಯೆಂದು ಬಗೆದು ವೈನಿ ಎಂದೆ, ಅವರ ಯಜಮಾನರನ್ನು ಅಣ್ಣಾರು ಎಂದೆ. ಅಣ್ಣಾರು ಸ್ವಂತ ಟೆಂಪೊದಲ್ಲಿ ತೊಗರಿ, ಜೋಳದ ಚೀಲ ಹೇರಿಕೊಂಡು ಆಳಂದ, ಅಫಜಲಪುರ ಅಂತ ತಿರುಗುವವರು. ಎಂಬತ್ತರ ದಶಕದ ಕೊನೆಯ ಒಂದು ಬೇಸಿಗೆಯಲ್ಲಿ ಲಕ್ವಾ ಹೊಡೆದು ಅವರ ಬಲಭಾಗ ಬಿದ್ದುಹೋಯಿತು, ಮಾತೂ ನಿಂತಿತು. ತಿಳಿವಳಿಕೆ ಮೊದಲಿನಂತೆಯೇ ಇತ್ತು. ಎಡಗೈ ಬಿಚ್ಚಿದರೆ ಹೌದು, ಮುಷ್ಟಿ ಹಿಡಿದರೆ ಅಲ್ಲ. ಉಳಿದದ್ದನ್ನು ಆ ಬೆರಳುಗಳಿಂದ ವೈನಿಯೇ ತಿಳಿಯಬೇಕು.

ನೋಡಲು ಬಂದವರೆಲ್ಲ ಹೊರಸಿನ ಮೇಲೆ ಬಗ್ಗಿ, ಚಿಕ್ಕ ಮಗುವಿಗೆ ಹೇಳುವಂತೆ ಗಟ್ಟಿಯಾಗಿ ಮಾತಾಡುತ್ತಿದ್ದರು. ಅಣ್ಣಾರು ಗೋಡೆಯ ಕಡೆ ಹೊರಳಿದರು. ಬಾಯಿಗೆ ಹಿಡಿದ ರೊಟ್ಟಿಗೆ ತುಟಿ ಬಿಚ್ಚುತ್ತಿರಲಿಲ್ಲ. ಬಾಗಿಲಲ್ಲಿ ನಿಂತ ಟೆಂಪೊ ಮಾರಿಬಿಡಿ ಎಂದು ಬಂಧುಗಳು ಹೇಳಿದರು. ವೈನಿ ಅದನ್ನು ಮಾರುವ ಬದಲು ಬಡಿಗೇರನನ್ನು ಕರೆಸಿ ಹಿಂದೆ ಹಲಗೆಯ ಮಂಚ ಮಾಡಿಸಿದರು. ಒಂದು ಕೊಡ ನೀರು, ಸ್ಟೋವು, ಹಿಟ್ಟಿನ ಡಬ್ಬಿ, ಇಷ್ಟಲಿಂಗ ಪೂಜೆಯ ಸಾಮಾನು ಒಳಗೆ ಸೇರಿದವು. ಆಮೇಲೆ ಓಣಿಯ ಇಬ್ಬರಿಂದ ಅಣ್ಣಾರನ್ನು ಎತ್ತಿಸಿ ಪಕ್ಕದ ಸೀಟಿನಲ್ಲಿ ಕೂಡಿಸಿಕೊಂಡು, ಸಂತೆ ಮೈದಾನದಲ್ಲಿ ಗಾಡಿ ಕಲಿಯತೊಡಗಿದರು. ಕಲಿಸಿದ್ದು ಆ ಎಡಗೈಯೇ. ಅಂಗೈ ಕೆಳಗೆ ಒತ್ತಿದರೆ ನಿಧಾನ, ಬೆರಳೆತ್ತಿದರೆ ಮುಂದಿನ ಗೇರು. ಲೈಸನ್ಸ್ ಬಂದ ದಿನ ಓಣಿಗೆಲ್ಲ ಪೇಡೆ ಹಂಚಿದರು.

ಮೊದಲು ಆಳಂದಕ್ಕೆ ಹೋದರು. ಅಣ್ಣಾರ ಪರಿಚಯದ ವ್ಯಾಪಾರಿಗಳು ಸುದ್ದಿ ಕೇಳಿ ಟೆಂಪೊದ ಕಿಟಕಿಗೆ ಬಂದರು. ಹೊರಸಿನಲ್ಲಿದ್ದಾಗ ಬಗ್ಗಿ ನೋಡುತ್ತಿದ್ದ ಜನ ಈಗ ಕತ್ತೆತ್ತಿ ನೋಡಬೇಕಾಯಿತು. ಆ ದಿನ ಅಣ್ಣಾರು ಎರಡು ರೊಟ್ಟಿ ಉಂಡರಂತೆ.

ಊರೂರಲ್ಲಿ ರಾತ್ರಿ ಉಳಿಯಬೇಕೆಂದರೆ ಒಳಗೆ ಗಾಳಿ ಬೇಕು, ಇಲ್ಲದಿದ್ದರೆ ಬೆವರಿಗೆ ಅಣ್ಣಾರ ಬೆನ್ನು ಹುಣ್ಣಾಗುತ್ತಿತ್ತು. ದೀಪವಂತೂ ಬೇಕೇ ಬೇಕು. ಕೈ ಕಾಣದಿದ್ದರೆ ಅವರಿಗೆ ಮಾತೇ ಇಲ್ಲ. ಅದಕ್ಕೆ ಗಾಡಿಯ ಬ್ಯಾಟರಿಗೇ ಒಂದು ಸಣ್ಣ ಫ್ಯಾನು, ಒಂದು ಬಲ್ಬು ಹಚ್ಚಿಸಿದ್ದರು.

ಹಾಗೆ ಉಳಿದ ಮೊದಲ ಊರು ಗೊಬ್ಬೂರ. ಕೈನೆರವಿಗೆ ನಾನೂ ಹೋಗಿದ್ದೆ. ಎದುರು ಮನೆಯ ಗಾಡಿಯಲ್ಲಿ ಕ್ಲೀನರ್ ನೌಕರಿ ಸಿಕ್ಕಿತೇನು ಎಂದು ನಮ್ಮ ಮನೆಯವರು ಚೇಷ್ಟೆ ಮಾಡಿದ್ದರು. ಬೆಳಗ್ಗೆ ಚಾವಿ ತಿರುವಿದರೆ ಇಂಜಿನ್ ಒಮ್ಮೆ ಟಕ್ ಎಂದು ಸುಮ್ಮನಾಯಿತು. ಫ್ಯಾನು, ದೀಪ ಸೇರಿ ಬ್ಯಾಟರಿಯನ್ನು ಬರಿದು ಮಾಡಿದ್ದವು. ಚಹಾದಂಗಡಿಯಲ್ಲಿ ಕೂತವರು ಎದ್ದು ಬಂದು ನೂಕತೊಡಗಿದರು, ಒಳ್ಳೆಯ ಜನ. ಅವರಲ್ಲೊಬ್ಬ ಕಿಟಕಿಗೆ ಬಂದು ನಗುತ್ತಾ, "ಯಜಮಾನ್ರ, ಹೆಣ್ಮಗಳಿಗೆ ಸ್ಟೇರಿಂಗ್ ಕೊಟ್ಟು ಆರಾಮ ಕುಂತೀರಲ್ರಿ. ಇಳೀರಿ, ನೀವೂ ಒಂದು ಕೈ ಹಚ್ಚರಿ" ಎಂದ. ಅವನಿಗೆ ಗೊತ್ತಿರಲಿಲ್ಲ. ಅಣ್ಣಾರ ಕಣ್ಣಿಂದ ನೀರಿಳಿದು ಗಡ್ಡಕ್ಕೆ ಬಂತು; ಒರೆಸಿಕೊಳ್ಳಲು ಎಡಗೈ ಏಳಲಿಲ್ಲ.

ಜೇವರ್ಗಿಗೆ ಬಂದ ಮೇಲೂ ಅದು ಏಳಲಿಲ್ಲ. ಹೌದೂ ಇಲ್ಲ, ಅಲ್ಲವೂ ಇಲ್ಲ. ಮತ್ತೆ ಗೋಡೆಯ ಕಡೆ ಮುಖ. ವೈನಿ ಹೊರಸಿನ ಅಂಚಿಗೆ ಕೂತು ಒಂದೇ ಮಾತು ಹೇಳಿದರು: "ಇನ್ನ ಮ್ಯಾಲ ನಿಮ್ಮ ಗಾಡಿ ಯಾರೂ ನೂಕಂಗಿಲ್ಲರಿ."

ಮರುದಿನ ಅಣ್ಣಾರನ್ನು ಹೇಗೋ ಸೀಟಿಗೇರಿಸಿ, ನನ್ನನ್ನೂ ಕರೆದುಕೊಂಡು, ಬ್ಯಾಟರಿ ಅಂಗಡಿಯ ಮುಂದೆ ಟೆಂಪೊ ನಿಲ್ಲಿಸಿದರು. ಇನ್ನೊಂದು ಬ್ಯಾಟರಿ ಕೂಡಿಸಿ ಎಂದಾಗ ಅಂಗಡಿಯ ಚಾಚಾ ನಕ್ಕರು. "ಅಕ್ಕಾರ, ಮನಶ್ಯಾಗ ಎರಡ ಎದಿ ಇಟ್ಟಂಗ ಆಗ್ತದಲ್ರಿ."

"ಇರ್ಲಿ ಬಿಡ್ರಿ. ಒಂದು ಹೋಗಾಕ, ಒಂದು ಇರಾಕ."

ಚಾಚಾ ಹೊಸ ಬ್ಯಾಟರಿಯನ್ನು ಮಂಚದ ಕೆಳಗೆ ಕೂಡಿಸಿ, ದಪ್ಪ ವೈರಿನಿಂದ ಹಳೆಯದಕ್ಕೆ ನೇರ ಜೋಡಿಸಿದರು. ಎರಡರ ಬಲ ಒಂದಾಯಿತು, ಇನ್ನು ಚಿಂತೆಯಿಲ್ಲ ಎಂದರು. ಆಗ ಅಣ್ಣಾರ ಎಡಗೈ ಎದ್ದಿತು. ಎರಡು ಬೆರಳು ಕೂಡಿಸಿ ಹಿಡಿದರು, ಅಗಲಿಸಿದರು, ಮತ್ತೆ ಕೂಡಿಸಿದರು.

ವೈನಿ ಕೇಳತೊಡಗಿದರು. ಬ್ಯಾಟರಿ ಬೇಡವೇನ್ರಿ? ಮುಷ್ಟಿ. ವೈರು ಸಣ್ಣದಾಯಿತೇನ್ರಿ? ಮುಷ್ಟಿ. ಜಾಗ ಸರಿಯಿಲ್ಲವೇ, ಬೇರೆ ಅಂಗಡಿಗೆ ಹೋಗೋಣವೇ? ಮುಷ್ಟಿ, ಮುಷ್ಟಿ. ಚಾಚಾ ಊಟ ಮಾಡಿ ಬಂದರು. ತಗಡು ಕಾದು ಟೆಂಪೊ ಹಂಚಿನಂತಾಗಿತ್ತು. ನಾಳೆ ನೋಡೋಣ ನಡೀರಿ ವೈನಿ, ಎಂದೆ.

"ಸುಮ್ಕಿರು ತಂಗೆವ್ವ" ಎಂದರು ಅವರು, ನನ್ನ ಕಡೆ ನೋಡದೆ. "ಅವರ ಮಾತು ಇನ್ನಾ ಮುಗದಿಲ್ಲ."

ಅದೆಷ್ಟು ಹೊತ್ತೋ. ಕೊನೆಗೆ ವೈನಿ ತಮ್ಮ ಎರಡು ಬೆರಳುಗಳನ್ನು ಹಾಗೆಯೇ ಕೂಡಿಸಿ, ಅಗಲಿಸಿ ನೋಡಿಕೊಂಡರು. ಮುಖ ಬೆಳಗಿತು. "ನಡುವ ಒಂದು ಬಾಗಲಾ ಬೇಕೇನ್ರಿ?"

ಅಣ್ಣಾರ ಅಂಗೈ ಹೂವಿನಂತೆ ಬಿಚ್ಚಿಕೊಂಡಿತು.

ಚಾಚಾ ಹಣೆ ಬಡಿದುಕೊಂಡರು. ನೇರ ಜೋಡಿಸಿದರೆ ಫ್ಯಾನು ಎರಡನ್ನೂ ಬರಿದು ಮಾಡುತ್ತದೆ. ಬೆಳಗ್ಗೆ ಮತ್ತೆ ಅದೇ ಕಥೆ. ನಡುವೆ ಒಂದು ಸ್ವಿಚ್ಚು ಬೇಕು. ಗಾಡಿ ಓಡುವಾಗ ಬಾಗಿಲು ತೆಗೆದಿರಲಿ, ಎರಡೂ ತುಂಬಿಕೊಳ್ಳುತ್ತವೆ. ನಿಂತ ಮೇಲೆ ಮುಚ್ಚಿಬಿಟ್ಟರೆ ಫ್ಯಾನು ದೀಪಕ್ಕೆ ಹೊಸದು, ಇಂಜಿನ್ನಿಗೆ ಹಳೆಯದು. ಚಾಚಾ ಆ ಸಂಜೆಯೇ ಅದನ್ನು ಹಾಕಿಕೊಟ್ಟರು. ನಾನು ಮಾತ್ರ ಸ್ವಿಚ್ಚು ನೋಡಲಿಲ್ಲ, ವೈನಿಯನ್ನೇ ನೋಡುತ್ತ ನಿಂತೆ. ಒಬ್ಬ ಮನುಷ್ಯನ ಒಂದೇ ಒಂದು ಮಾತಿಗಾಗಿ ಅಷ್ಟು ಹೊತ್ತು ಉರಿಯಲ್ಲಿ ಕಾದು ಕೂತವರನ್ನು ನಾನು ಅದಕ್ಕೂ ಮೊದಲು ಕಂಡಿರಲಿಲ್ಲ, ಆಮೇಲೂ ಕಂಡಿಲ್ಲ.

ಅಲ್ಲಿಂದ ಮೂರು ನಾಲ್ಕು ವರ್ಷ ಅವರು ತಿರುಗದ ಊರಿಲ್ಲ. ಸೋಮವಾರ ಪೂಜೆ ಮುಗಿಸಿ ಎರಡೂ ಬ್ಯಾಟರಿಗೆ ನೀರು ಹಾಕಿ, ವಿಭೂತಿ ಹಚ್ಚುತ್ತಿದ್ದರು. ಎಲ್ಲಿ ಗಾಡಿ ನಿಂತರೂ ಮೊದಲು ಸ್ವಿಚ್ಚು ತಿರುವಿ, "ಬಾಗಲಾ ಹಾಕೇನ್ರಿ" ಎಂದು ಅಣ್ಣಾರಿಗೆ ವರದಿ. ಅಂಗೈ ಬಿಚ್ಚಿದ ಮೇಲೆಯೇ ಸ್ಟೋವು ಹೊತ್ತುತ್ತಿತ್ತು.

ಈಗ ವೈನಿಯೂ ಇಲ್ಲ. ನನ್ನ ತಾಯಿಗೆ ಮುಪ್ಪಿನಲ್ಲಿ ನಾಲಿಗೆ ತೊದಲತೊಡಗಿದಾಗ ಮನೆಯವರೆಲ್ಲ ಅವಳ ಮಾತನ್ನು ತಾವೇ ಮುಗಿಸಿಕೊಟ್ಟು ಎದ್ದುಹೋಗುತ್ತಿದ್ದರು. ನಾನು ಕೂತಿರುತ್ತಿದ್ದೆ. ಹಾಗೆ ಕಾದು ಕೂಡುವುದನ್ನು ಕಲಿತದ್ದು ಆ ಟೆಂಪೊದಲ್ಲಿ.

ಆ ತಾಯಿಯ ಊರು ಮಾದನಹಿಪ್ಪರಗಾದಲ್ಲಿಯೇ ಅಣ್ಣಾರ ಕೊನೆಯ ಪ್ರಯಾಣ ಮುಗಿಯಿತು. ನನ್ನನ್ನು ತವರಿಗೆ ಬಿಡಲೆಂದು ಬಂದವರು ನಮ್ಮ ಅಂಗಳದ ಬೇವಿನ ಕೆಳಗೆ ಟೆಂಪೊ ನಿಲ್ಲಿಸಿ ಉಳಿದಿದ್ದರು. ಬೆಳಗ್ಗೆ ಚಹಾ ಒಯ್ದಾಗ ಫ್ಯಾನು ತಿರುಗುತ್ತಿತ್ತು, ದೀಪ ಇನ್ನೂ ಉರಿಯುತ್ತಿತ್ತು. ವೈನಿ ಆ ಎಡಗೈ ಹಿಡಿದು ಕೂತಿದ್ದರು. "ಹೋದ್ರು ತಂಗೆವ್ವ" ಎಂದರು.

ಅಂಗಳ ತುಂಬ ಜನ ಕೂಡಿದರು. ನನ್ನ ಅಣ್ಣ ಬೇರೆ ಡ್ರೈವರನನ್ನು ಕರೆತರುತ್ತೇನೆಂದ. ವೈನಿ ಬೇಡವೆಂದರು, ಅವರ ಗಾಡಿ ಜೇವರ್ಗಿಗೆ ನಾನೇ ಒಯ್ಯುತ್ತೇನೆಂದರು. ಬಳೆ ಏರಿಸಿ, ಹಲ್ಲಿನಿಂದ ಕರವಸ್ತ್ರ ಬಿಗಿದರು. ನಾನು ಹಿಂದೆ ಮಂಚದ ಮೇಲೆ ಅಣ್ಣಾರ ತಲೆ ತೊಡೆಯ ಮೇಲಿಟ್ಟುಕೊಂಡು ಕೂತೆ. ಹಳೆಯ ಗಾಡಿ, ರಾತ್ರಿಯೆಲ್ಲ ಫ್ಯಾನು ಓಡಿದೆ, ಏಳುತ್ತದೋ ಇಲ್ಲವೋ ಎಂದು ನಾಲ್ಕಾರು ಗಂಡಸರು ಹೇಳದೆಯೇ ಹಿಂದೆ ಬಂದು ತಗಡಿಗೆ ಕೈ ಹಚ್ಚಿ ನಿಂತರು.

ಚಾವಿ ತಿರುವಿದ್ದೇ ತಡ, ಇಂಜಿನ್ ಒಂದೇ ಸಲಕ್ಕೆ ಎದ್ದಿತು.

ವೈನಿ ಕನ್ನಡಿಯಲ್ಲಿ ಹಿಂದೆ ಅಣ್ಣಾರತ್ತ ನೋಡಿದರು. "ಕೇಳಿದ್ರೇನ್ರಿ?" ಎಂದರು. ಯಾವಾಗಲೂ ಕಾಯುವಷ್ಟು ಹೊತ್ತು ಕಾದರು. ಆಮೇಲೆ ಗೇರು ಹಾಕಿದರು. ಟೆಂಪೊ ಮುಂದೆ ಹೋಯಿತು. ಹಿಂದೆ ಆ ಗಂಡಸರ ಕೈಗಳು ಚಾಚಿದಂತೆಯೇ ಉಳಿದವು.