ತಟ್ಟೆ ಸಪ್ಪಳದಲ್ಲಿ ಕೇಳದೆ ಹೋದ ಕಾರಣ

ನಮ್ಮ ಪ್ರೌಢಶಾಲೆ ಕಲ್ಲೂರಿನಿಂದ ಐದಾರು ಕಿಲೋಮೀಟರ್ ಒಳಗಿದೆ. ಊರಿನ ಹೆಸರು ಹೇಳುವುದಿಲ್ಲ. ಹೇಳಿದರೆ ನಮ್ಮ ಹೆಡ್‌ಮಾಸ್ತರರು ಮೊದಲು ನನ್ನನ್ನೇ ಕರೆಸುತ್ತಾರೆ. ನಾನು ಸುಗ್ರಾ ಬೇಗಂ, ಮಾನ್ವಿಯವಳು. ಹದಿನಾರು ವರ್ಷದಿಂದ ಇಲ್ಲಿ ಸಮಾಜ ವಿಜ್ಞಾನ ಕಲಿಸುತ್ತಿದ್ದೇನೆ. ಆದರೆ ಇದು ನನ್ನ ಕಥೆಯಲ್ಲ, ನನ್ನ ಕಥೆ ಕಟ್ಟಿಕೊಂಡು ಯಾರಿಗೇನಾಗಬೇಕಿದೆ. ಇದು ನಮ್ಮ ಶಾಲೆಯಲ್ಲಿ ಬಿಸಿಯೂಟ ಮಾಡುವ ಪಕೀರಮ್ಮನ ಕಥೆ.

ಪಕೀರಮ್ಮ ದೇವದುರ್ಗ ತಾಲೂಕಿನ ಜಾಲಹಳ್ಳಿಯಲ್ಲಿ ಹುಟ್ಟಿದವಳು. ನಾಲ್ಕನೇ ತರಗತಿಯಲ್ಲಿದ್ದಾಗ ತಮ್ಮ ಹುಟ್ಟಿದ. ಅವ್ವ ಕೂಲಿಗೆ ಹೋದರೆ ಕೂಸನ್ನು ಎತ್ತಿಕೊಳ್ಳಲು ಯಾರಾದರೂ ಬೇಕಿತ್ತು, ಇವಳ ಶಾಲೆ ಬಿಡಿಸಿದರು. ಲಗ್ನವಾಗಿ ಈ ಕಡೆ ಬಂದಳು. ಗಂಡ ತಾಯಪ್ಪ ಶಕ್ತಿನಗರದಲ್ಲಿ ಗುತ್ತಿಗೆ ಕೆಲಸಗಾರ, ವಾರಕ್ಕೊಮ್ಮೆ ಮನೆಗೆ ಬರುತ್ತಾನೆ. ನಾನು ಈ ಶಾಲೆಗೆ ಬಂದ ವರ್ಷವೇ ಅವಳೂ ಅಡುಗೆಗೆ ಸೇರಿದಳು.

ಹೆಡ್‌ಮಾಸ್ತರರಾದ ಸುಭಾಷ್ ಸರ್ ಅವರ ಕೋಣೆಯಲ್ಲಿ ಸಿಬ್ಬಂದಿಯ ಬೋರ್ಡು ಇದೆ. ಹೆಸರು, ಹುದ್ದೆ, ವಿದ್ಯಾರ್ಹತೆ. ನನ್ನ ಹೆಸರಿನ ಮುಂದೆ ಎಂ.ಎ., ಬಿ.ಇಡಿ. ಪಕೀರಮ್ಮನ ಹೆಸರಿನ ಮುಂದೆ ಒಂದು ಗೀಟು. ಅವಳು ದಿನಾ ಸ್ಟೋರ್ ಕೀಲಿ ತರಲು ಆ ಕೋಣೆಗೆ ಹೋಗುತ್ತಾಳೆ, ದಿನಾ ಆ ಗೀಟು ನೋಡುತ್ತಾಳೆ. ಒಂದು ದಿನ ಕೀಲಿ ಕೈಯಲ್ಲಿ ಹಿಡಿದುಕೊಂಡೇ, "ಸರ, ನಾ ಎಸ್ಸೆಸ್ಸೆಲ್ಸಿ ಕಟ್ಟತೀನಿ. ಆ ಗೀಟು ಅಳಿಸಬೇಕು," ಎಂದಳು. ಆಗ ಅವಳಿಗೆ ನಲವತ್ತೆರಡು ವರ್ಷ.

ಸುಭಾಷ್ ಸರ್ ನಕ್ಕರು. ಕೆಟ್ಟ ಮನುಷ್ಯರೇನಲ್ಲ, ಆದರೆ ನಗಬಾರದ ಕಡೆ ನಗುವುದು ಅವರ ಅಭ್ಯಾಸ. ಹಿಂದಿನ ದಿನ ನಾನು ಹತ್ತನೇ ತರಗತಿಯಲ್ಲಿ ಮಾಡಿದ ಮಹಾಯುದ್ಧದ ಪಾಠ ಆ ಕೋಣೆಗೂ ಕೇಳಿಸಿತ್ತು. "ಅಲ್ಲಬೇ ಪಕೀರಮ್ಮ, ಅನ್ನ ಮಾಡಾಕ ಮಹಾಯುದ್ಧ ಯಾಕ ಬೇಕು?" ಎಂದರು.

"ಅನ್ನ ಉಣ್ಣೋರಿಗೆ ಬೇಕಂದ್ರ, ಮಾಡಿದಾಕಿಗೆ ಯಾಕ ಬ್ಯಾಡ್ರಿ?" ಎಂದು ಕೇಳಿ ಅಕ್ಕಿ ಅಳೆಯಲು ಹೋದಳು.

ಇಂಗ್ಲಿಷು, ಗಣಿತ, ಹಿಂದಿಯನ್ನು ಮಗಳು ಸೌಭಾಗ್ಯ ಹೇಳಿಕೊಟ್ಟಳು. ಪಕೀರಮ್ಮ ಮೂರು ಸಲ ಪರೀಕ್ಷೆಗೆ ಕೂತು ಐದು ವಿಷಯ ದಾಟಿದಳು. ತಾಯಪ್ಪ ಮನೆಗೆ ಬಂದಾಗಲೆಲ್ಲ, "ಯುದ್ಧ ಕಲ್ತು ನನ್ನ ಮ್ಯಾಲ ಬರ್ತಿಯೇನ ಮತ್ತ?" ಎಂದು ಕಾಡಿಸುತ್ತಿದ್ದ, ಪರೀಕ್ಷೆಯ ದಿನ ರಜೆ ಹಾಕಿ ಮಾನ್ವಿಗೆ ಕರೆದುಕೊಂಡು ಹೋಗುತ್ತಿದ್ದವನೂ ಅವನೇ. ಉಳಿದಿದ್ದು ಸಮಾಜ ವಿಜ್ಞಾನ ಒಂದೇ. ಅದರ ಪುಸ್ತಕವನ್ನು ಮಾತ್ರ ಅವಳು ತೆರೆಯಲೇ ಇಲ್ಲ. ನಾನು ಕೇಳಿದರೆ, "ಅದು ಬರ್ತದ ಬಿಡ್ರಿ ಟೀಚರ್ರಿ, ಹದಿನಾರು ವರ್ಷ ಕೇಳೀನಿ," ಎಂದಳು.

ಅಡುಗೆ ಕೋಣೆಗೂ ನನ್ನ ಹತ್ತನೇ ತರಗತಿಗೂ ನಡುವೆ ಒಂದು ಕಿಟಕಿ, ಅದಕ್ಕೆ ಬಾಗಿಲಿಲ್ಲ. ನಾನು ಮಕ್ಕಳಿಗೆ ಹೇಳಿದ್ದೆಲ್ಲ ಅವಳಿಗೂ ಕೇಳುತ್ತಿತ್ತು. ಆದರೆ ನನ್ನದು ನಾಲ್ಕನೇ ಪಿರಿಯಡ್, ಊಟದ ಗಂಟೆಗೆ ಮುಂಚಿನದು. ಕೊನೆಯ ಐದು ನಿಮಿಷ ಅವಳು ಅನ್ನದ ಡಬರಿ ಇಳಿಸಿ, ಇನ್ನೂರು ಸ್ಟೀಲ್ ತಟ್ಟೆ ಹೊರಗೆ ಹಾಕುತ್ತಿದ್ದಳು. ಆ ಸದ್ದಿನಲ್ಲಿ ನಾನು ಹೇಳಿದ್ದು ನನಗೇ ಕೇಳುತ್ತಿರಲಿಲ್ಲ. ಮೊದಲನೆಯ ಮಹಾಯುದ್ಧದ ಪಾಠವನ್ನು ನಾನು ಪ್ರತಿ ವರ್ಷ ಒಂದೇ ಥರ, ಒಂದೇ ವೇಗದಲ್ಲಿ ಮಾಡುತ್ತಿದ್ದೆ. ನಾಲ್ಕು ಕಾರಣ ಹೇಳಿ ಮುಗಿಸಿ, "ಇನ್ನು ತಕ್ಷಣದ ಕಾರಣ" ಎನ್ನುವ ಹೊತ್ತಿಗೆ ಸರಿಯಾಗಿ ತಟ್ಟೆಗಳು ಶುರುವಾಗುತ್ತಿದ್ದವು. ಹದಿನಾರು ವರ್ಷ ಹೀಗೇ ನಡೆಯಿತು.

ಪುಸ್ತಕ ತೆರೆಯದೆಯೇ ಆ ವಿಷಯಕ್ಕೂ ಕೂತಳು, ಫಲಿತಾಂಶ ಬಂತು. ಸಮಾಜದಲ್ಲಿ ಎರಡೇ ಅಂಕಕ್ಕೆ ಫೇಲು. ಮಾನ್ವಿಯ ಕಂಪ್ಯೂಟರ್ ಅಂಗಡಿಯಲ್ಲಿ ಅರ್ಜಿ ಹಾಕಿ ಉತ್ತರಪತ್ರಿಕೆಯ ನಕಲು ತರಿಸಿದೆವು. ಮಹಾಯುದ್ಧದ ಕಾರಣಗಳನ್ನು ವಿವರಿಸಿ ಎಂಬ ಪ್ರಶ್ನೆಗೆ ನಾಲ್ಕು ಅಂಕ. ಅವಳ ಉತ್ತರದ ಮೇಲೆ ಕೆಂಪು ಗೀಟು, ಪಕ್ಕದಲ್ಲಿ ಸೊನ್ನೆ.

ಅವಳು ಬರೆದದ್ದು ಹೀಗಿತ್ತು. ಎಲ್ಲ ದೇಶದವರೂ ಮದ್ದುಗುಂಡು ಕೂಡಿಟ್ಟಿದ್ದರು, ಕೂಡಿಟ್ಟ ಮೇಲೆ ಕೈ ಸುಮ್ಮನಿರುವುದಿಲ್ಲ. ನಿನ್ನ ಮೇಲೆ ಯಾರಾದರೂ ಬಂದರೆ ನಾನು ಬರುತ್ತೇನೆ ಎಂದು ಒಳಗಿಂದೊಳಗೇ ಒಬ್ಬರಿಗೊಬ್ಬರು ಮಾತು ಕೊಟ್ಟಿದ್ದರು. ಮಂದಿಯ ನೆಲವನ್ನು ಹಂಚಿಕೊಳ್ಳುವ ಆಸೆ ಹೆಚ್ಚಾಗಿತ್ತು. ನಮ್ಮ ದೇಶದ ಮುಂದೆ ಯಾರೂ ಇಲ್ಲ ಎಂಬ ಸೊಕ್ಕು ಎಲ್ಲರಿಗೂ ಇತ್ತು. ಕೊನೆಯ ಸಾಲುಗಳು ಇವು: "ತಕ್ಷಣದ ಕಾರಣ ನನಗೆ ಕೇಳಿಸಿಲ್ಲ, ಆಗ ತಟ್ಟೆ ಸಪ್ಪಳ ಇತ್ತು. ಆದರೆ ಇಷ್ಟೆಲ್ಲ ಇದ್ದ ಮೇಲೆ ಅದು ಯಾವುದಾದರೂ ಆಗಬಹುದು. ನಮ್ಮ ಓಣಿಯಲ್ಲಿ ಎರಡು ಮನೆಯವರು ಹೊಡೆದಾಡಿದಾಗ ನಲ್ಲಿ ಹತ್ತಿರ ಕೊಡ ತಾಗಿತು ಎಂದು ಹೇಳಿದರು. ಕೊಡ ತಾಗದಿದ್ದರೂ ಹೊಡೆದಾಡುತ್ತಿದ್ದರು."

ಓದಿ ನನಗೆ ಸಿಟ್ಟು ಬಂತು. ಮೊದಲು ಅವಳ ಮೇಲೆ, ಪುಸ್ತಕ ತೆರೆದಿದ್ದರೆ ಒಂದು ನಿಮಿಷದ ಕೆಲಸವಾಗಿತ್ತು. ಎರಡನೇ ಸಲ ಓದಿದಾಗ ಆ ಕೆಂಪು ಗೀಟು ಎಳೆದವರ ಮೇಲೆ. ಮೂರನೇ ಸಲ ಓದಿದ ಮೇಲೆ ನನ್ನ ಮೇಲೆಯೇ ಬಂತು. ಇಷ್ಟು ವರ್ಷ ಕಾರಣಗಳನ್ನು ಉರು ಹೊಡೆಸಿದ ನಾನು, ಇಂಥ ಒಂದು ಮಾತನ್ನು ಯಾವ ಮಗುವಿಗೂ ಹೇಳಿರಲಿಲ್ಲ.

"ಮುಂದಿನ ಪರೀಕ್ಷೆಗೆ ಕೂಡು ಪಕೀರಮ್ಮ. ಆ ತಕ್ಷಣದ ಕಾರಣ ಏನಂದ್ರ," ಎಂದು ಬಾಯಿ ತೆಗೆದೆ. ಅವಳು ಎರಡೂ ಕಿವಿ ಮುಚ್ಚಿಕೊಂಡಳು.

"ಹೇಳಬ್ಯಾಡ್ರಿ ಟೀಚರ್ರಿ. ಈಗ ಕೇಳಿದ್ರ ನಾ ಬರದಿದ್ದು ತಪ್ಪು ಅಂತ ಒಪ್ಪಿದಂಗ ಆಗ್ತದ. ನಾ ಒಪ್ಪಂಗಿಲ್ಲ. ನನಗ ಗೊತ್ತಿಲ್ಲದ್ದು ಗೊತ್ತಿಲ್ಲ ಅಂತ ಬರದೀನಿ, ಗೊತ್ತಿದ್ದದ್ದಕ್ಕ ಅಂಕ ಕೊಡಲಿ."

ಮರುಮೌಲ್ಯಮಾಪನಕ್ಕೆ ಅರ್ಜಿ ಹಾಕಿಸಿದಳು. ಅದು ಸಾಲದೆಂದು ನನ್ನನ್ನು ಎಳೆದುಕೊಂಡು ರಾಯಚೂರಿಗೆ ಹೋದಳು. ಅಲ್ಲಿ ಒಂದು ಕಚೇರಿಯ ಕಿಟಕಿಯಲ್ಲಿ ಕೂತ ಗುಮಾಸ್ತ, "ಇಲ್ಲಿ ಯಾರೂ ಉತ್ತರ ಓದಂಗಿಲ್ಲವ್ವ, ಎಲ್ಲಾ ಆನ್‌ಲೈನ್," ಎಂದ. "ಹಂಗಾದ್ರ ನಾನ ಓದ್ತೀನಿ, ನೀವು ಕೇಳ್ರಿ," ಎಂದು ಸೆರಗು ಬಿಗಿದುಕೊಂಡು, ಗಟ್ಟಿ ದನಿಯಲ್ಲಿ ಇಡೀ ಉತ್ತರ ಓದಿಬಿಟ್ಟಳು. ನನಗೆ ಮುಖ ಎಲ್ಲಿಟ್ಟುಕೊಳ್ಳಬೇಕೋ ತಿಳಿಯಲಿಲ್ಲ. ಕೊಡದ ಮಾತು ಬಂದಾಗ ಸಾಲಿನಲ್ಲಿ ನಿಂತಿದ್ದ ಒಬ್ಬ ಮುದುಕ, "ಖರೇ ಅದ," ಎಂದ. ಗುಮಾಸ್ತ ಏನೂ ಮಾಡಲಾರದೆ ಅವಳಿಗೆ ಕುರ್ಚಿ ಕೊಟ್ಟು ನೀರು ತರಿಸಿದ. ವಾಪಸು ಬರುವಾಗ ಬಸ್ಸಿನಲ್ಲಿ ಅವಳು ಹಾಯಾಗಿ ನಿದ್ದೆ ಮಾಡಿದಳು, ನಾನು ಕಲ್ಲೂರು ಬರುವವರೆಗೂ ಎದ್ದೇ ಇದ್ದೆ.

ನಾಲ್ಕು ವಾರದ ಮೇಲೆ ಸೊನ್ನೆ ಹೋಗಿ ಮೂರು ಬಂತು. ಪಾಸು. ಒಂದು ಅಂಕ ಕೊಟ್ಟಿರಲಿಲ್ಲ. "ಅದು ತಟ್ಟಿ ಸಪ್ಪಳದ್ದು, ಅವರ ಕಡೆನ ಇರಲಿ," ಎಂದಳು. ಸುಭಾಷ್ ಸರ್ ತಾವೇ ಸ್ಟೂಲು ಹತ್ತಿ ಆ ಗೀಟನ್ನು ಒರೆಸಿ ಎಸ್ಸೆಸ್ಸೆಲ್ಸಿ ಎಂದು ಬರೆದರು. ಈ ಸಲ ಅವರು ನಗಲಿಲ್ಲ. ಪಕೀರಮ್ಮ ಕೀಲಿ ಹಿಡಿದು ಕೆಳಗೆ ನಿಂತು, "ಸ್ವಲ್ಪ ದೊಡ್ಡದಾಗಿ ಬರೀರಿ ಸರ," ಎಂದಳು.

ಆಮೇಲೆ ಅಡುಗೆ ಕೋಣೆಗೆ ನನ್ನನ್ನು ಕರೆದು ಎದುರಿಗೆ ಕೂರಿಸಿಕೊಂಡಳು. "ಈಗ ಹೇಳ್ರಿ. ಕೊನಿಗೆ ಏನಾಗಿತ್ತು?"

ಹೇಳಿದೆ. ಸರಾಯೆವೋ ಎಂಬ ಊರು, ಆಸ್ಟ್ರಿಯಾದ ಯುವರಾಜ ಫರ್ಡಿನಾಂಡ್, ತೆರೆದ ಮೋಟಾರು. ಒಬ್ಬ ಹುಡುಗ ಗುಂಡು ಹೊಡೆದ. ಯುವರಾಜ ಸತ್ತ, ಹೆಂಡತಿಯೂ ಸತ್ತಳು. ಒಂದು ತಿಂಗಳಲ್ಲಿ ಯುದ್ಧ ಶುರುವಾಯಿತು.

ಅವಳು ಸೌಟು ಕೆಳಗಿಟ್ಟಳು. "ಆಕಿ ಹೆಸರೇನ್ರಿ?"

"ಯಾರದು?"

"ಸತ್ತಾಕಿದು. ಆತಂದು ಹೇಳಿದ್ರಿ, ಊರಿಂದು ಹೇಳಿದ್ರಿ."

ನನಗೆ ಗೊತ್ತಿರಲಿಲ್ಲ. ಎಂ.ಎ., ಬಿ.ಇಡಿ., ಹದಿನಾರು ವರ್ಷ, ನನಗೆ ಗೊತ್ತಿರಲಿಲ್ಲ. ಪುಸ್ತಕದಲ್ಲಿ ಇಲ್ಲ ಎಂದು ಮೆಲ್ಲಗೆ ಹೇಳಿದೆ.

"ಅಂದ್ರ ನಿಮ್ಮ ಪಾಠದಾಗ ಆಕಿ ಹೆಸರಿಗೂ ಗೀಟನ ಏನ್ರಿ?" ಎಂದಳು ಪಕೀರಮ್ಮ.

ಈ ವರ್ಷ ಮಹಾಯುದ್ಧದ ಪಾಠ ಬಂದಾಗ, ನಾಲ್ಕನೇ ಪಿರಿಯಡ್ಡಿನ ಕೊನೆಗೆ, ಬೋರ್ಡಿನ ಮೇಲೆ ಫರ್ಡಿನಾಂಡ್ ಎಂದು ಬರೆದು ಅದರ ಪಕ್ಕದಲ್ಲಿ ಅಷ್ಟೇ ದೊಡ್ಡದಾಗಿ, ನಾನು ಹುಡುಕಿ ತಿಳಿದುಕೊಂಡ ಆಕೆಯ ಹೆಸರು, ಸೋಫಿ ಎಂದು ಬರೆದೆ. ಗಟ್ಟಿಯಾಗಿ ಓದಿ ಹೇಳಿದೆ. ಊಟದ ಗಂಟೆಗೆ ಎರಡು ನಿಮಿಷವಿತ್ತು. ಕಿಟಕಿಯಾಚೆ ಪಕೀರಮ್ಮನ ತಟ್ಟೆಗಳ ಸದ್ದು ಇನ್ನೂ ಶುರುವಾಗಿರಲಿಲ್ಲ.